ಪಲ್ಟನ್ನಿಗೆ ಹೋಗಿ ವಾಪಸ್ ಬಾರದವರ ಹೆಸರು ಹುಡುಕುವುದು ಹೇಗೆ

ಪುಣೆಯಲ್ಲಿರುವ ಕನ್ನಡದವರ ಮನೆಗಳಲ್ಲಿ, ಅದರಲ್ಲೂ ಬೆಳಗಾವಿ, ಖಾನಾಪುರ ಕಡೆಯಿಂದ ಬಂದವರ ಮನೆಗಳಲ್ಲಿ, ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. "ನಮ್ಮ ಹಿರಿಯರೊಬ್ಬರು ಪಲ್ಟನ್ನಿಗೆ ಹೋದರು, ವಾಪಸ್ ಬರಲಿಲ್ಲ." ಅಷ್ಟೇ. ಎಲ್ಲಿಗೆ ಹೋದರು, ಯಾರ ಜೊತೆ ಯಾಕೆ ಕಾದಾಡಿದರು, ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲೂ ಹಾಗೇ ಇತ್ತು. ನಮ್ಮ ಮುತ್ತಜ್ಜನ ತಮ್ಮ, ನಾವೆಲ್ಲ ಸಣ್ಣಜ್ಜ ಅನ್ನುತ್ತೇವೆ, ಮೊದಲನೇ ಮಹಾಯುದ್ಧಕ್ಕೆ ಹೋದವರು. ಮದುವೆ ಕೂಡ ಆಗಿರಲಿಲ್ಲ. ಅವರು ಎಲ್ಲಿ ಸತ್ತರು ಅಂತ ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು, ಅದರಲ್ಲಿ ಅರ್ಧ ಕಾಲ ತಪ್ಪು ಜಾಗದಲ್ಲಿ ಹುಡುಕಿದ್ದರಲ್ಲೇ ಹೋಯಿತು. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಂಟರ್ನೆಟ್ ತೆರೆಯಬೇಡಿ. ಮನೆಯ ಅಟ್ಟ, ಟ್ರಂಕು, ದೇವರ ಕೋಣೆಯ ಕಪಾಟು ನೋಡಿ. ಮುಖ್ಯವಾಗಿ ಎರಡು ವಸ್ತು ಸಿಗಬಹುದು. ಒಂದು, ಮೆಡಲ್. ಆ ಯುದ್ಧದ ಮೆಡಲಿನ ಅಂಚಿನ ಮೇಲೆ, ಅಂದರೆ ರೂಪಾಯಿ ನಾಣ್ಯಕ್ಕೆ ಗೆರೆ ಇರುವ ಜಾಗದಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಂಬರು, ಹುದ್ದೆ, ಹೆಸರು, ಪಲ್ಟನ್ (ಅಂದರೆ ಸೈನ್ಯದ ಯಾವ ತುಕಡಿ ಅಂತ) ಕೆತ್ತಿರುತ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ದಯವಿಟ್ಟು. ಮೊದಲೇ ಸವೆದ ಅಕ್ಷರ ಪೂರ್ತಿ ಹೋಗುತ್ತದೆ. ಕಿಟಕಿ ಹತ್ತಿರ ಓರೆಯಾಗಿ ಬೆಳಕು ಬೀಳುವ ಹಾಗೆ ಹಿಡಿದು, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಸಿಪಾಯಿಗೆ ಕೊಟ್ಟ ವಾರ್ ಮೆಡಲ್ ಬೆಳ್ಳಿಯದು. ಅದಕ್ಕೇ ಎಷ್ಟೋ ಮೆಡಲುಗಳು ಬರಗಾಲದಲ್ಲೋ ಮದುವೆ ಖರ್ಚಿಗೋ ಅಕ್ಕಸಾಲಿಗರ ಮೂಸೆಗೆ ಹೋಗಿವೆ. ಅದೇ ಮೆಡಲ್ ಕಂಚಿನದ್ದು ಸಿಕ್ಕರೆ ಬೇರೆಯೇ ಅರ್ಥ. ಕೂಲಿ ದಳ, ಹೇಸರಗತ್ತೆ ಹೊಡೆಯುವವರು, ಹೀಗೆ ಬಂದೂಕು ಹಿಡಿಯದೆ ಸೈನ್ಯದ ಜೊತೆ ಹೋದವರಿಗೆ ಕಂಚು ಕೊಡುತ್ತಿದ್ದರು.

ಇನ್ನೊಂದು, ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆ. ಯುದ್ಧದಲ್ಲಿ ಸತ್ತವರ ಮನೆಗೆ ಕಳಿಸಿದ್ದು. ಒಂದು ಹೆಣ್ಣಿನ ಚಿತ್ರ, ಪಕ್ಕದಲ್ಲಿ ಸಿಂಹ, ಉಬ್ಬು ಅಕ್ಷರದಲ್ಲಿ ಹೆಸರು. ಹುದ್ದೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಇದೇ ಸಿಕ್ಕಿದ್ದು. ಊರ ಮನೆಯಲ್ಲಿ ಅದು ಎಣ್ಣೆ ಗಡಿಗೆಯ ಮುಚ್ಚಳ ಆಗಿತ್ತು. ನನ್ನ ಅಜ್ಜಿ, ನಾವು ಆಯಿ ಅನ್ನುತ್ತೇವೆ, ಮದುವೆಯಾಗಿ ಬಂದಾಗಿನಿಂದ ಅದನ್ನು ಎತ್ತಿ ಎಣ್ಣೆ ತೆಗೆದು ಮತ್ತೆ ಮುಚ್ಚಿದವಳು. ಅದರ ಮೇಲೆ ಮನೆಯವರ ಹೆಸರಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಒರೆಸಿ ನೋಡಿದಾಗ ಅಂಚಿನ ಸುತ್ತ ಇಂಗ್ಲಿಷಿನಲ್ಲಿ ಒಂದು ವಾಕ್ಯ ಇತ್ತು: ಸ್ವಾತಂತ್ರ್ಯಕ್ಕಾಗಿ ಮತ್ತು ಗೌರವಕ್ಕಾಗಿ ಮಡಿದ ಅಂತ. ಯಾರ ಸ್ವಾತಂತ್ರ್ಯ? ಆ ಹುಡುಗನ ಊರೇ ಇನ್ನೊಬ್ಬರ ಕೈಯಲ್ಲಿತ್ತು. ತಿಂಗಳಿಗೆ 11 ರೂಪಾಯಿ ಸಂಬಳಕ್ಕೆ ಹೋಗಿದ್ದ. ಓದಿ ಹೇಳುವಾಗ ನನಗೆ ಗಂಟಲು ಕಟ್ಟಿತು.

ಮನೆಯಲ್ಲಿ ಏನೂ ಸಿಗದಿದ್ದರೆ ಊರಿಗೆ ಹೋದಾಗ ಹಳೇ ಶಾಲೆ, ಚಾವಡಿ, ಪಂಚಾಯಿತಿ ಕಟ್ಟೆಯ ಗೋಡೆ ನೋಡಿ. ಹಳೇ ಮುಂಬೈ ಪ್ರಾಂತ್ಯದ ಕೆಲವು ಹಳ್ಳಿಗಳಲ್ಲಿ ಒಂದು ಕಲ್ಲು ಕೂರಿಸಿದ್ದಾರೆ. ಈ ಊರಿನಿಂದ 1914ರಿಂದ 1919ರ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಹೆಸರಿಲ್ಲ, ಬರೀ ಲೆಕ್ಕ. ಆದರೂ ಫೋಟೋ ತೆಗೆದುಕೊಳ್ಳಿ. ನಿಮ್ಮ ಮನೆಯ ಕಥೆ ಕಟ್ಟುಕಥೆಯಲ್ಲ ಅನ್ನುವುದಕ್ಕೆ ಅದೇ ಮೊದಲ ಸಾಕ್ಷಿ.

ಈಗ ಇಂಟರ್ನೆಟ್. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ, 1917ರಲ್ಲಿ ಶುರುವಾದದ್ದು. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ದಾಖಲೆ ಇಟ್ಟಿದೆ. ಅದರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಆದರೆ ಹುಡುಕುವ ರೀತಿ ಗೊತ್ತಿರಬೇಕು. ಪೂರ್ತಿ ಹೆಸರು ಟೈಪ್ ಮಾಡಿದರೆ ಎಷ್ಟೋ ಸಲ ಏನೂ ಬರುವುದಿಲ್ಲ. ಆಗ ಬರೆದುಕೊಂಡವನು ಇಂಗ್ಲಿಷ್ ಗುಮಾಸ್ತ, ಹೇಳಿದವನು ನಮ್ಮ ಹಳ್ಳಿಯ ಹುಡುಗ, ನಡುವೆ ಹೆಸರು ಏನೇನೋ ಆಗಿದೆ. ಅದಕ್ಕೆ ಒಂದೇ ಒಂದು ಹೆಸರು ಹಾಕಿ. ಮೊದಲು ಅವರ ಹೆಸರು, ಆಮೇಲೆ ಬೇರೆಯಾಗಿ ಅಡ್ಡಹೆಸರು. ಪ್ರತಿಯೊಂದನ್ನೂ ನಾಲ್ಕೈದು ಸ್ಪೆಲ್ಲಿಂಗಿನಲ್ಲಿ ಹಾಕಿ ನೋಡಿ. ಊರಿನ ಹೆಸರನ್ನು ಹಳೇ ರೂಪದಲ್ಲಿ ಹಾಕಿ: ಬೆಳಗಾವಿ ಅಲ್ಲ ಬೆಲ್ಗಾಮ್, ಧಾರವಾಡ ಅಲ್ಲ ಧಾರ್ವಾರ್, ವಿಜಯಪುರ ಅಲ್ಲ ಬಿಜಾಪುರ್. ಭಾರತೀಯ ಸೈನ್ಯ ಅಂತ ಆರಿಸಿ, ಪಲ್ಟನ್ ಗೊತ್ತಿದ್ದರೆ ಅದನ್ನೂ ಹಾಕಿ. ಎಷ್ಟೋ ದಾಖಲೆಗಳಲ್ಲಿ ಇಂಥವರ ಮಗ, ಇಂಥ ಊರು, ಇಂಥ ಜಿಲ್ಲೆ ಅಂತ ಬರೆದಿದೆ. ಹೆಸರಿಗಿಂತ ಜಾಸ್ತಿ ಸಹಾಯಕ್ಕೆ ಬರುವುದು ಆ ಸಾಲೇ. ನನಗೆ ಸಣ್ಣಜ್ಜ ಸಿಕ್ಕಿದ್ದು ಅವರಪ್ಪನ ಹೆಸರಿನಿಂದ. ಸಿಪಾಯಿ, 110ನೇ ಮರಾಠಾ ಪಲ್ಟನ್, 1916, ಇರಾಕಿನ ಬಸ್ರಾ ಸ್ಮಾರಕ.

ನಾನು ತಪ್ಪಿದ್ದು ಎಲ್ಲಿ ಅಂದರೆ, ಇದಕ್ಕೂ ಮುಂಚೆ ತಿಂಗಳುಗಟ್ಟಲೆ ಖಡ್ಕಿಯಲ್ಲಿ ಹುಡುಕಿದೆ. ಮುಳಾ ರಸ್ತೆಯ ಕಿರ್ಕಿ ವಾರ್ ಸೆಮೆಟ್ರಿ ಪುಣೆಯವರಿಗೆಲ್ಲ ಗೊತ್ತು, ಅಲ್ವಾ? ಯುದ್ಧದಲ್ಲಿ ಸತ್ತವರ ಹೆಸರೆಲ್ಲ ಅಲ್ಲೇ ಇರಬೇಕು ಅಂತ ಅಂದುಕೊಂಡಿದ್ದೆ. ಅಲ್ಲಿರುವ ಮೊದಲನೇ ಮಹಾಯುದ್ಧದ ಸ್ಮಾರಕದಲ್ಲಿ 1,800ಕ್ಕೂ ಜಾಸ್ತಿ ಹೆಸರಿವೆ, ಆದರೆ ಅವರು ಭಾರತದಲ್ಲೇ ಸತ್ತು ಇಲ್ಲಿನ ಬೇರೆ ಬೇರೆ ಸ್ಮಶಾನಗಳಲ್ಲಿ ಮಣ್ಣಾದವರು. ಅವರಲ್ಲಿ 629 ಜನರ ಅವಶೇಷಗಳನ್ನು 1962ರಲ್ಲಿ ಮುಂಬೈಯ ಶಿವಡಿ ಸ್ಮಶಾನದಿಂದ ಇಲ್ಲಿಗೆ ತಂದರು. ಹೊರದೇಶದಲ್ಲಿ ಸತ್ತ ನಮ್ಮ ಹಿರಿಯರು ಅಲ್ಲಿ ಸಿಗುವುದಿಲ್ಲ.

ಆದರೂ ಒಮ್ಮೆ ಹೋಗಿ. ಬೆಳಗ್ಗೆ ಬಿಸಿಲು ಏರುವ ಮುಂಚೆ ಹೋಗಿ, ಸುಮ್ನೆ ಸಾಲುಗಳ ನಡುವೆ ನಡೆಯಿರಿ. ಎರಡನೇ ಮಹಾಯುದ್ಧದ 1,668 ಸಮಾಧಿಗಳಿವೆ. ಎಲ್ಲ ಕಲ್ಲೂ ಒಂದೇ ಅಳತೆ. ಹೆಸರಿನ ಕೆಳಗೆ ವಯಸ್ಸು ನೋಡುತ್ತಾ ಹೋಗಿ. ನಮ್ಮ ಬಿಲ್ಡಿಂಗಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗರ ವಯಸ್ಸು. ಆಫ್ರಿಕಾದಿಂದ ಬಂದು ಇಲ್ಲಿ ಸತ್ತ ಸುಮಾರು 200 ಸಿಪಾಯಿಗಳ ಹೆಸರೂ ಇದೆ. ಅವರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಆಫ್ರಿಕಾದ ಹಳ್ಳಿಯ ಹುಡುಗ ಪುಣೆಯ ಕಲ್ಲಿನ ಮೇಲೆ, ಬೆಳಗಾವಿಯ ಹುಡುಗ ಇರಾಕಿನ ಮರಳಿನಲ್ಲಿ. ಇಬ್ಬರಿಗೂ ಎದುರಾಳಿಯ ಮೇಲೆ ಸ್ವಂತದ್ದೊಂದು ದ್ವೇಷ ಇರಲು ಸಾಧ್ಯವೇ ಇರಲಿಲ್ಲ.

ನಿಮ್ಮವರು ಪಲ್ಟನ್ನಿಗಲ್ಲ, ಕಾರವಾರ, ಮಂಗಳೂರಿನ ಕಡೆಯಿಂದ ಹಡಗಿಗೆ ಹೋದವರಾದರೆ ಮುಂಬೈಯ ಮಸ್ಜಿದ್ ಬಂದರ್ ಹತ್ತಿರದ ಸೇಲರ್ಸ್ ಹೋಂನಲ್ಲಿ ವಿಚಾರಿಸಿ. ಸಮುದ್ರವೇ ಸಮಾಧಿಯಾದವರ ಸ್ಮಾರಕ ಅಲ್ಲಿದೆ. ಮೊದಲನೇ ಯುದ್ಧದ 2 ಸಾವಿರಕ್ಕೂ ಜಾಸ್ತಿ, ಎರಡನೇ ಯುದ್ಧದ 6 ಸಾವಿರಕ್ಕೂ ಜಾಸ್ತಿ ನಾವಿಕರು.

ಹೆಸರು ಸಿಕ್ಕಿದ ಮೇಲೆ ನಿಲ್ಲಿಸಬೇಡಿ. ಪಲ್ಟನ್ ಮತ್ತು ಇಸವಿ ಹಿಡಿದು ಅವರಿಗೆ ಏನಾಯಿತು ಅಂತ ಓದಿ. 110ನೇ ಪಲ್ಟನ್, 1916 ಅಂದರೆ ಇರಾಕಿನ ಕುತ್ ಅಂತ ನನಗೆ ಆಮೇಲೆ ಗೊತ್ತಾಯಿತು. ಬಾಗ್ದಾದ್ ಹಿಡಿಯುತ್ತೇವೆ ಅಂತ ಬ್ರಿಟಿಷ್ ಜನರಲ್ ಟೌನ್‌ಶೆಂಡ್ ಸೈನ್ಯ ಟೈಗ್ರಿಸ್ ನದಿಗುಂಟ ಮೇಲೆ ಹೋಯಿತು, ಸೋತು ಹಿಂದೆ ಬಂದು 1915ರ ಡಿಸೆಂಬರಿನಲ್ಲಿ ಕುತ್ ಊರಿನೊಳಗೆ ಸಿಕ್ಕಿಹಾಕಿಕೊಂಡಿತು. ಸುತ್ತ ತುರ್ಕಿ ಸೈನ್ಯ. ಹಿಟ್ಟು ಕಡಿಮೆಯಾಗುತ್ತಾ ಬಂತು. ಕುದುರೆ ಕಡಿದು ತಿನ್ನಲು ಕೊಟ್ಟರು, ನಮ್ಮವರಲ್ಲಿ ಬಹಳ ಜನ ತಿನ್ನಲಿಲ್ಲ, ಸ್ಕರ್ವಿ ಬಂದು ಒಸಡು ಕೊಳೆಯಿತು. ಒಳಗಿದ್ದ ಸುಮಾರು 13 ಸಾವಿರ ಜನರನ್ನು ಬಿಡಿಸಲು ಹೊರಗಿನಿಂದ ಬಂದ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು ಸುಮಾರು 23 ಸಾವಿರ. ಇನ್ನೊಮ್ಮೆ ಓದಿ ಆ ಲೆಕ್ಕವನ್ನು. ಕೊನೆಗೆ 20 ಲಕ್ಷ ಪೌಂಡ್ ಕೊಡುತ್ತೇವೆ ಬಿಡಿ ಅಂದರು, ತುರ್ಕಿಯವರು ಒಪ್ಪಲಿಲ್ಲ. 1916ರ ಏಪ್ರಿಲ್ 29ರಂದು ಶರಣಾದರು. ಜನರಲ್ಲನ್ನು ಇಸ್ತಾಂಬುಲ್ ಹತ್ತಿರದ ದ್ವೀಪವೊಂದರ ಮನೆಯಲ್ಲಿ ಇಟ್ಟರು, ಸೆರೆಯಲ್ಲಿದ್ದಾಗಲೇ ಅವರಿಗೆ ಸರ್ ಪದವಿ ಬಂತು. ಸಿಪಾಯಿಗಳನ್ನು ಮರಳುಗಾಡಿನಲ್ಲಿ ನಡೆಸಿಕೊಂಡು ಹೋಗಿ ರೈಲು ಹಳಿ ಹಾಕುವ ಕೆಲಸಕ್ಕೆ ಹಚ್ಚಿದರು. ಸಾವಿರಾರು ಜನ ದಾರಿಯಲ್ಲೇ, ಕೆಲಸದಲ್ಲೇ ಸತ್ತರು.

ಪಲ್ಟನ್ನಿನ ವಾರ್ ಡೈರಿ, ಅಂದರೆ ಯುದ್ಧದ ದಿನಚರಿ, ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹುಡುಕಬಹುದು, ಎಷ್ಟೋ ಡೈರಿಗಳು ಸ್ಕ್ಯಾನ್ ಆಗಿವೆ. ಆದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಸತ್ತ ಅಧಿಕಾರಿಯ ಹೆಸರು ಬರೆಯುತ್ತಾರೆ, ಸಿಪಾಯಿಗಳದ್ದು ಸಾಮಾನ್ಯವಾಗಿ ಇಷ್ಟು ಮಂದಿ ಅಂತ ಅಂಕಿ ಅಷ್ಟೇ. ಬಸ್ರಾ ಸ್ಮಾರಕದಲ್ಲೂ ಹಾಗೇ. 40 ಸಾವಿರಕ್ಕೂ ಜಾಸ್ತಿ ಜನರಿಗಾಗಿ ಕಟ್ಟಿದ್ದು, ಆದರೆ ಸಾಮಾನ್ಯ ಭಾರತೀಯ ಸಿಪಾಯಿಗಳ ಹೆಸರು ಗೋಡೆ ಮೇಲೆ ಕೆತ್ತಲಿಲ್ಲ, ಪಲ್ಟನ್ನಿನ ಕೆಳಗೆ ಸಂಖ್ಯೆ ಹಾಕಿದರು. ಆ ಸ್ಮಾರಕವನ್ನೂ 1997ರಲ್ಲಿ ಎತ್ತಿ 32 ಕಿಲೋಮೀಟರ್ ದೂರ ಇಟ್ಟರು. ಇಟ್ಟ ಜಾಗ ಯಾವುದು ಗೊತ್ತಾ? 1991ರ ಕೊಲ್ಲಿ ಯುದ್ಧ ನಡೆದ ಬಯಲು.

ಎಷ್ಟು ಹುಡುಕಿದರೂ ಹೆಸರು ಬರದಿದ್ದರೆ ನಿಮ್ಮ ಹಿರಿಯರು ಸುಳ್ಳು ಹೇಳಿದರು ಅಂದುಕೊಳ್ಳಬೇಡಿ. 2021ರಲ್ಲಿ ಕಮಿಷನ್ನೇ ವರದಿಯಲ್ಲಿ ಒಪ್ಪಿಕೊಂಡಿದೆ: ಮೊದಲನೇ ಯುದ್ಧದಲ್ಲಿ ಸತ್ತವರಲ್ಲಿ, ಹೆಚ್ಚಾಗಿ ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯವರು ಆದರೆ ಅವರಷ್ಟೇ ಅಲ್ಲ, ಕನಿಷ್ಠ 1,16,000 ಜನರಿಗೆ, ಬಹುಶಃ 3,50,000 ಜನರವರೆಗೆ, ಹೆಸರಿನ ಗುರುತೇ ಇಟ್ಟಿಲ್ಲ. ನಿಮ್ಮ ಹತ್ತಿರ ಮೆಡಲ್, ಪೆನ್ಷನ್ ಕಾಗದ, ಹಳೇ ಪತ್ರ ಏನಿದ್ದರೂ ಫೋಟೋ ತೆಗೆದು ಅವರಿಗೆ ಕಳಿಸಿ, ಹೆಸರು ಸೇರಿಸಿ ಅಂತ ಕೇಳಿ. ಸಂಕೋಚ ಬೇಡ.

ಬದುಕಿ ಬಂದವರ ಜಾಡು ಹುಡುಕುವವರಿಗೂ ಪುಣೆಯಲ್ಲಿ ದಾರಿ ಇದೆ. ಕೈಕಾಲು ಕಳೆದುಕೊಂಡ ಸಿಪಾಯಿಗಳಿಗೆ ಕೆಲಸ ಕಲಿಸುವ ಕ್ವೀನ್ ಮೇರೀಸ್ ಸಂಸ್ಥೆ ಶುರುವಾದದ್ದು 1917ರಲ್ಲಿ, ಈಗ ಖಡ್ಕಿಯಲ್ಲಿದೆ. ಕೃತಕ ಕಾಲು ಮಾಡುವ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ 1944ರದ್ದು. ಬೆನ್ನುಹುರಿಗೆ ಪೆಟ್ಟು ಬಿದ್ದ ಜವಾನರ ಪ್ಯಾರಾಪ್ಲೆಜಿಕ್ ಕೇಂದ್ರ 1974ರದ್ದು. ಆ ಇಸವಿಗಳನ್ನು ನೋಡಿ, ಪ್ರತಿಯೊಂದರ ಹಿಂದೆಯೂ ಒಂದು ಯುದ್ಧ ಇದೆ.

ಕೊನೆಯ ಕೆಲಸ, ದಾಖಲೆಯಲ್ಲಿರುವ ತಾರೀಖನ್ನು ತಿಥಿಗೆ ಬದಲಿಸಿಕೊಳ್ಳಿ. ಹಳೇ ಪಂಚಾಂಗ ಲೆಕ್ಕ ಮಾಡಿಕೊಡುವ ಆ್ಯಪ್‌ಗಳಿವೆ. ಕೆಲವರಿಗೆ ಒಂದೇ ದಿನ ಇರುವುದಿಲ್ಲ, ಈ ದಿನದಿಂದ ಆ ದಿನದೊಳಗೆ ಅಂತ ಇರುತ್ತದೆ, ಅದಕ್ಕೆ ಸರಿಯಾಗಿ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ತಿಥಿ ಗೊತ್ತಿಲ್ಲ ಅಂತ ಇಷ್ಟು ವರ್ಷ ಸಣ್ಣಜ್ಜನಿಗೆ ಮಹಾಲಯ ಅಮಾವಾಸ್ಯೆಗೇ ಎಡೆ ಇಡುತ್ತಿದ್ದರು. ಈ ಸಲ ತಾರೀಖು ತೋರಿಸಿದಾಗ ಭಟ್ಟರು ಕೇಳಿದರು, "ಆಯುಧದಿಂದ ಸತ್ತರೋ, ರೋಗದಿಂದಲೋ? ಆಯುಧ ಆದರೆ ಪಕ್ಷದ ಚತುರ್ದಶಿಗೆ ಮಾಡಬೇಕು." ನಾನು ಮೊಬೈಲಿನಲ್ಲಿ ದಾಖಲೆ ಮೇಲೆ ಕೆಳಗೆ ಮಾಡಿ ನೋಡಿದೆ. ಅದು ಬರೆದಿರಲಿಲ್ಲ. ಹಸಿವಿನಿಂದ ಅಂದರೆ ಯಾವ ದಿನ ಅಂತ ಆಯಿ ಕೇಳಿದಳು. ಭಟ್ಟರು ಸುಮ್ಮನಾದರು.

ಆಯಿ ಎರಡೂ ದಿನ ಎಡೆ ಇಟ್ಟಳು. ಜೋಳದ ರೊಟ್ಟಿ, ಮೇಲೆ ಬೆಣ್ಣೆ, ಪಕ್ಕಕ್ಕೆ ಇನ್ನೆರಡು ರೊಟ್ಟಿ ಹೆಚ್ಚಿಗೆ.