ಹಿನ್ನೀರಿನ ನಡುಗಡ್ಡೆ ಕಣ್ಣಿಗೆ ಹತ್ತಿರ, ಹುಟ್ಟಿಗೆ ದೂರ

ಬೆಂಗಳೂರಿನಿಂದ ನೆಂಟರು ಬಂದರೆ ಮೊದಲೆಲ್ಲ ಜೋಗ ತೋರಿಸಿ, ಊಟ ಹಾಕಿ ಕಳಿಸುತ್ತಿದ್ದೆ. ಈಗ ಸಾಗರ ತಾಲೂಕಿನ ಹೊನ್ನೇಮರಡಿನ ಕಡೆ ಶರಾವತಿ ಹಿನ್ನೀರಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನೀರಿನ ನಡುವೆ ಸಣ್ಣ ಸಣ್ಣ ನಡುಗಡ್ಡೆಗಳಿವೆ. ನಡುಗಡ್ಡೆ ಅಂದರೆ ಇನ್ನೇನಲ್ಲ, ಮುಳುಗದೆ ಉಳಿದ ಗುಡ್ಡದ ನೆತ್ತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ತೋಟ, ಊರು ಎಲ್ಲ ಕೆಳಗೆ ಹೋದವು. ನಮ್ಮ ಕಡೆ ಹಿರಿಯರು ಇವತ್ತಿಗೂ ಅದನ್ನು ‘ಮುಳುಗಡೆ’ ಅಂತಲೇ ಹೇಳುವುದು. ಹಾಗಾಗಿ ಪಿಕ್‌ನಿಕ್ ಜಾಗ ಅನ್ನಲು ನನಗೆ ಸ್ವಲ್ಪ ಮುಜುಗರ.

ನಾನು ಹುಟ್ಟು ಹಾಕಲು ಕಲಿತದ್ದು ಹರಿಗೋಲಿನಲ್ಲಿ. ಪಕ್ಕಕ್ಕೆ ಹುಟ್ಟು ಹಾಕಿದರೆ ಅದು ನಿಂತಲ್ಲೇ ಗಿರಗಿರ ತಿರುಗುತ್ತದೆ. ಕೈ ಮುಂದಕ್ಕೆ ಚಾಚಿ ನೀರನ್ನು ಹೊಟ್ಟೆಯ ಕಡೆಗೆ ಎಳೆದುಕೊಂಡರೆ ಮಾತ್ರ ಮುಂದೆ ಹೋಗುತ್ತದೆ. ಕಯಾಕ್, ಅಂದರೆ ಎರಡೂ ಬದಿ ಹುಟ್ಟು ಹಾಕುವ ಉದ್ದನೆಯ ಸಣ್ಣ ದೋಣಿ, ಇದಕ್ಕಿಂತ ಸಲೀಸು. ಆದರೆ ಬರೀ ತೋಳಿನಲ್ಲಿ ಎಳೆದರೆ ಹತ್ತೇ ನಿಮಿಷಕ್ಕೆ ಸುಸ್ತು. ಸೊಂಟ ತಿರುಗಬೇಕು.

ನೀರಿಗಿಳಿಯುವ ಮುಂಚೆ ಎಲ್ಲರ ಲೈಫ್ ಜಾಕೆಟ್‌ನ ಎರಡೂ ಹೆಗಲು ಹಿಡಿದು ಮೇಲಕ್ಕೆತ್ತಿ ನೋಡುತ್ತೇನೆ. ಅದು ಗಲ್ಲಕ್ಕೆ ಬಂದು ತಾಗಿತು ಅಂದರೆ ಸಡಿಲ, ಮತ್ತೆ ಬಿಗಿ ಮಾಡಬೇಕು. ‘ನಂಗೆ ಈಜು ಬರುತ್ತೆ’ ಅನ್ನುವವರಿಗೆ ಇನ್ನೂ ಒಂದು ಸಲ ಜಾಸ್ತಿ ಎಳೆದು ನೋಡುತ್ತೇನೆ.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಪಾಠ ಕಲಿತೆ. ನವೆಂಬರ್ ತಿಂಗಳು, ಬಿಸಿಲಿದ್ದರೂ ಗಾಳಿ ತಂಪು. ದೋಸೆ ತಿಂದು ಹೊರಡುವಷ್ಟರಲ್ಲಿ ಹತ್ತೂವರೆ. ನೀರು ಕನ್ನಡಿಯ ಹಾಗಿತ್ತು. ‘ಇಲ್ಲೇ ಇದೆಯಲ್ಲ’ ಅಂತ ಭಾವ ನಡುಗಡ್ಡೆಯ ಕಡೆ ಕೈ ತೋರಿಸಿದ. ಸುಮಾರು ನಲವತ್ತು ನಿಮಿಷ ಬೇಕಾಯಿತು. ಕಯಾಕ್‌ಗಳ ಮೂತಿಯನ್ನಷ್ಟೇ ದಡಕ್ಕೆ ಏರಿಸಿ, ಮರದ ಕೆಳಗೆ ಸುಮ್ನೆ ಮಲಗಿದೆವು. ಮಧ್ಯಾಹ್ನ ಎದ್ದು ನೋಡಿದರೆ ನೀರೆಲ್ಲ ಕಪ್ಪಗೆ ಸುಕ್ಕು ಸುಕ್ಕು, ನನ್ನ ಕಯಾಕ್ ಖಾಲಿಯಾಗಿ ತೇಲುತ್ತಾ ನಡುನೀರಿಗೆ ಹೊರಟಿತ್ತು! ಭಾವ ಇನ್ನೊಂದರಲ್ಲಿ ಹೋಗಿ ಹಗ್ಗ ಕಟ್ಟಿ ಎಳೆದು ತಂದ. ಆಮೇಲೂ ವಾಪಸ್ ಬರಲು ಆಗಲಿಲ್ಲ. ಹತ್ತು ಹುಟ್ಟು ಹಾಕಿದರೆ ಎಂಟರಷ್ಟು ಹಿಂದಕ್ಕೇ ತಳ್ಳುತ್ತಿತ್ತು ಗಾಳಿ. ಸಂಜೆ ಗಾಳಿ ಇಳಿಯುವವರೆಗೆ ಕೂತೆವು, ಒಂದು ಪೊಟ್ಟಣ ಚಕ್ಕುಲಿ ಹಂಚಿಕೊಂಡು. ಭಾವ ಇವತ್ತಿಗೂ ಆ ಚಕ್ಕುಲಿಯ ಲೆಕ್ಕ ಕೇಳುತ್ತಾನೆ.

ಈಗ ಬೆಳಕು ಹರಿಯುತ್ತಲೇ ನೀರಿಗೆ, ಹನ್ನೊಂದರೊಳಗೆ ದಡಕ್ಕೆ. ಕಯಾಕ್ ಪೂರ್ತಿ ಮೇಲೆ ಬರಬೇಕು, ಹಗ್ಗ ಮರಕ್ಕೆ ಕಟ್ಟಿರಬೇಕು.

ಗಾಳಿಯ ನಂತರ ನನಗೆ ಭಯ ಇರುವುದು ಕೊರಡುಗಳದ್ದು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ನೀರಿನಲ್ಲಿ ಹಾಗೇ ನಿಂತಿವೆ. ಮೇಲೆ ಕಾಣುವುದರಿಂದ ತೊಂದರೆ ಇಲ್ಲ. ನೀರಿನ ಮಟ್ಟದಿಂದ ಒಂದು ಗೇಣು ಕೆಳಗಿರುವುದು ತಳಕ್ಕೆ ಕರ್ ಅಂತ ಗೀರಿದಾಗಲೇ ಗೊತ್ತಾಗುವುದು. ಅದರ ಮೇಲೆ ಕೂತುಬಿಟ್ಟರೆ ಕಯಾಕ್ ತಿರುಗುಣಿಯ ಹಾಗೆ ಆಡುತ್ತದೆ. ಗಾಬರಿಯಲ್ಲಿ ಪಕ್ಕಕ್ಕೆ ವಾಲಿದರೆ ಮಗುಚುವುದು ಖಂಡಿತ. ಹಾಗೇ ಕೂತು ಹಿಂದಕ್ಕೆ ಹುಟ್ಟು ಹಾಕಬೇಕು. ಎಲ್ಲಿಂದಲೇ ಆಗಲಿ ನೀರಿಗೆ ಧುಮುಕುವುದಂತೂ ಬೇಡವೇ ಬೇಡ.

ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಅದರ ಹತ್ತಿರ ನೀರಿದ್ದಾಗ ಬೊಡ್ಡೆಗಳು ಆಳದಲ್ಲಿರುತ್ತವೆ, ಸುತ್ತಾಟ ಆರಾಮ. ಬೇಸಿಗೆಗೆ ನೀರು ಇಳಿದಷ್ಟೂ ಹೊಸ ಹೊಸ ಕೊರಡು ಏಳುತ್ತವೆ. ಇನ್ನೊಂದು ಕಡೆ, ಲಿಂಗನಮಕ್ಕಿಯ ನೀರಲ್ಲಿ ಮುಳುಗಿದ 1948ರ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಎದ್ದು ಕಾಣುವುದೂ ಆಗಲೇ. ಅದನ್ನು ನೋಡಲು ಹೋಗಿ, ಹುಟ್ಟು ಹಾಕಲು ಅಲ್ಲ.

ರಾತ್ರಿ ಉಳಿಯುವ ಆಸೆ ಎಲ್ಲರಿಗೂ. ಹಿನ್ನೀರಿನ ಸುತ್ತ ಎಷ್ಟೋ ಕಡೆ ಅಭಯಾರಣ್ಯ ಇದೆ, ಅನುಮತಿ ಇಲ್ಲದೆ ಟೆಂಟು, ಬೆಂಕಿ ಯಾವುದೂ ಬೇಡ. ನಾನಂತೂ ಉಳಿಸುವುದಿಲ್ಲ.

ಇನ್ನು ಉಣುಗು. ಕಾಡಿನ ಈ ಪುಟ್ಟ ಹುಳ ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಆ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮ ಅರಳಗೋಡು ಕಡೆ ಜನ ಅದರಿಂದ ಸತ್ತರು. ಅದಕ್ಕೇ ಚಳಿಗಾಲದಿಂದ ಮಳೆ ಬೀಳುವವರೆಗೆ ತರಗೆಲೆಯ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಜನ ಬಚ್ಚಲಿಗೆ. ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳಿ ಅಂತ ಬಾಗಿಲಾಚೆಯಿಂದ ಕೂಗುತ್ತೇನೆ. ನೆಂಟರು ನಗುತ್ತಾರೆ. ಆದರೂ ನೋಡಿಕೊಳ್ಳುತ್ತಾರೆ.