ರಾಗಿ ಗಡಿಗೆ ಪಕ್ಕ ಕೂತು ಎಂಬೈರೆ ಕಲಿತಿದ್ದು

ಕೆಲ್ಸದ ಮೇಲೆ ಉಗಾಂಡದ ಜಿಂಜಾಗೆ ಬಂದು 4 ವರ್ಷ ಆಯ್ತು, ಅದ್ರಲ್ಲಿ 3 ವರ್ಷದಿಂದ ಬುಸೋಗಾದ ಒಂದು ಹಳ್ಳಿಗೆ ಭಾನುವಾರ ಸಂಜೆ ಹೋಗ್ತಿದೀನಿ, ಎಂಬೈರೆ ಬಾರಿಸೋಕೆ. ದೊಡ್ಡ ಕಾಷ್ಠತರಂಗ ಅನ್ಕೊಳ್ಳಿ, ಮರದ ತುಂಡುಗಳನ್ನ ಕೋಲಿಂದ ಬಾರಿಸೋ ವಾದ್ಯ. ನೆಲದಲ್ಲಿ ಉದ್ದಕ್ಕೆ ಗುಂಡಿ ತೋಡಿ, ಎರಡೂ ಅಂಚಿಗೆ ಹಸಿ ಬಾಳೆದಿಂಡು ಮಲಗಿಸಿ ಅದ್ರ ಮೇಲೆ ಮರದ ದಿಮ್ಮಿಗಳನ್ನ ಸಾಲಾಗಿ ಜೋಡಿಸ್ತಾರೆ, ಆ ಕಡೆ ಈ ಕಡೆ ಏಳೆಂಟು ಜನ ಎದುರುಬದುರು ಕೂತ್ಕೊತೀವಿ. ದಪ್ಪ ದಿಮ್ಮಿಗೆ ಪೆಟ್ಟು ಬಿದ್ರೆ ಕೂತ ನೆಲ ಅದರತ್ತೆ.

ಪಕ್ಕದಲ್ಲೇ ಮಾಲ್ವಾ ಗಡಿಗೆ, ಅಂದ್ರೆ ರಾಗಿ ಬಿಯರ್. ಹುಳಿ ಬರಿಸಿದ ರಾಗಿಗೆ ಬಿಸಿನೀರು ಹುಯ್ತಾ ಇರ್ತಾರೆ, ಸುತ್ತ ಕೂತೋರು ಮಾರುದ್ದದ ಕೊಳವೆ ಹಾಕಿ ಒಂದೇ ಗಡಿಗೆಯಿಂದ ಹೀರ್ತಾರೆ. ಮೊದಲ ದಿನ ಆ ವಾಸನೆ ಬಂದಾಗ ನಮ್ಮಜ್ಜಿ ಮಾಡ್ತಿದ್ದ ಹುಳಿ ಅಂಬಲಿ ನೆನಪಾಗಿ ಎದ್ದು ಬರೋಕೇ ಆಗ್ಲಿಲ್ಲ. ನಮ್ಮ ರಾಗಿ ಹುಟ್ಟಿದ್ದೂ ಪೂರ್ವ ಆಫ್ರಿಕಾದ ಎತ್ತರದ ಸೀಮೇಲೇ ಅಲ್ವಾ.

ನಂಗೆ ಕಷ್ಟ ಆಗಿದ್ದು ತಾಳ. ಒಬ್ರು ಒಂದೇ ಸಮ ಬಾರಿಸ್ತಾ ಹೋಗ್ತಾರೆ, ಎದುರಿಗಿರೋರು ಆ ಎರಡು ಪೆಟ್ಟಿನ ನಡುವಿನ ಜಾಗಕ್ಕೆ ಸರಿಯಾಗಿ ತಮ್ಮ ಪೆಟ್ಟು ಕೂರಿಸ್ಬೇಕು, ಅದೂ ವಿಪರೀತ ಸ್ಪೀಡಲ್ಲಿ. ಚಿಕ್ಕೋನಾಗಿದ್ದಾಗ ಮೃದಂಗ ಕಲ್ತಿದ್ದೆ, ಅದೇ ಅಭ್ಯಾಸದಲ್ಲಿ ಅವ್ರ ಪೆಟ್ಟನ್ನ ತಾಳ ಅನ್ಕೊಂಡು ನಂದನ್ನ ಅರೆಪೆಟ್ಟು ಅಂತ ಎಣಿಸ್ತಿದ್ದೆ, ಸ್ಪೀಡ್ ಏರಿದ್ ತಕ್ಷಣ ಜಾರಿ ಅವ್ರ ಪೆಟ್ಟಿನ ಮೇಲೇ ಬೀಳ್ತಿದ್ದೆ. ತಿಂಗಳುಗಟ್ಟಲೆ ಹಿಂಗೇ. ಕೊನೆಗೆ ಕಲಿಸೋ ಹಿರಿಯರು ಎಲ್ಲರ ಕೋಲೂ ಕೆಳಗಿಡಿಸಿ, "ನೀನೊಬ್ನೇ ಬಾರಿಸು, ನಿನ್ನ ಪೆಟ್ಟೇ ತಾಳ, ಮಧ್ಯ ಬರೋನು ನಾನು" ಅಂದ್ರು. ತುಂಬಾ ಹೊತ್ತು ಒಬ್ನೇ ಬಾರಿಸ್ದೆ, ಅವ್ರು ಯಾವಾಗ ಸೇರ್ಕೊಂಡ್ರೋ ಗೊತ್ತೇ ಆಗ್ಲಿಲ್ಲ, ನನ್ ಕೈ ಮಾತ್ರ ಜಾರಲಿಲ್ಲ. ಇಲ್ಲಿ ಪ್ರತಿಯೊಬ್ರಿಗೂ ಅವರವರ ಪೆಟ್ಟೇ ತಾಳ, ತಾಳದ ಮುಖ್ಯ ಪೆಟ್ಟು, ಅಂದ್ರೆ ಸಮ ಅನ್ನೋದನ್ನ, ಯಾರೂ ಒಬ್ರೇ ಇಟ್ಕೊಂಡಿರಲ್ಲ.

ಆಮೇಲೆ ಒಂದು ಸಂಜೆ ಗುಂಡಿ ಒಳಗಿಂದ ಒಂದು ರಾಗ ಕೇಳಿಸ್ತು, ನಾನೂ ಬಾರಿಸ್ತಿಲ್ಲ, ಎದುರಿನೋರ ಕೈ ನೋಡಿದ್ರೆ ಅವ್ರೂ ಬಾರಿಸ್ತಿಲ್ಲ, ಇಬ್ಬರ ಪೆಟ್ಟೂ ಹೆಣ್ಕೊಂಡಾಗ ಅದು ತಾನಾಗೇ ಹುಟ್ಟೋದು. ಗಡಿಗೆ ಹತ್ರ ಇದ್ದ ಅಜ್ಜಿಯೊಬ್ರು ಕೊಳವೆ ಬಾಯಿಂದ ತೆಗೆದು ಅದನ್ನೇ ಹಿಡ್ಕೊಂಡು ಹಾಡೋಕೆ ಶುರು ಮಾಡಿದ್ರು.

ಈ ವಾರ ಬಾಳೆದಿಂಡು ಒಣಗಿ ಕುಗ್ಗಿದೆ, ದಿಮ್ಮಿಗಳು ಸರಿಯಾಗಿ ಕೂರ್ತಿಲ್ಲ, ಭಾನುವಾರ ಬೇಗ ಹೋಗಿ ಹೊಸದು ಕಡಿಬೇಕು.