ಎಕ್ಸ್‌ಎಮ್‌ಎಲ್ ಸ್ಟ್ರೀಮಿಗೆ ಬೈನರಿ ಬರೆಯುವಾಗ ಮೂರರ ಲೆಕ್ಕ

ಉಡುಪಿ ಕಡೆಯ ಒಂದು ಸಹಕಾರಿ ಸಂಘದ ಹಳೆಯ ಸಾಲದ ಲೆಡ್ಜರುಗಳು ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯತೊಡಗಿದಾಗ, ಅವುಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಮಂಗಳೂರಿನಲ್ಲಿದ್ದ ಸರ್ವರಿಗೆ ಕಳುಹಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಖಾತೆ ಸಂಖ್ಯೆ, ವರ್ಷ, ಪುಟಸಂಖ್ಯೆಗಳ ಜೊತೆಗೆ ಪುಟದ ಚಿತ್ರವೂ ಅದೇ ಎಕ್ಸ್‌ಎಮ್‌ಎಲ್ (ಮಾಹಿತಿಯನ್ನು ಹೆಸರಿನ ಗುರುತುಗಳೊಳಗೆ ಬರೆದಿಡುವ ವಿನ್ಯಾಸ) ಕಡತದೊಳಗೆ ಇರಬೇಕೆಂಬುದು ಪಡೆಯುವವರ ಷರತ್ತು. ಪರೀಕ್ಷೆಗೆಂದು ಕಳುಹಿಸಿದ ಪುಟ್ಟ ಲಾಂಛನವು ಸರಿಯಾಗಿಯೇ ತಲುಪಿತು. ನಿಜವಾದ ಪುಟಗಳು ಮಾತ್ರ ಮೇಲ್ತುದಿಯಲ್ಲಿ ಬೆರಳಗಲದ ಪಟ್ಟಿಯಷ್ಟೇ ಕಾಣಿಸಿ, ಉಳಿದದ್ದೆಲ್ಲ ಬೂದು ಬಣ್ಣವಾಗಿ ತೆರೆದುಕೊಂಡವು. ತಪ್ಪು ನಮ್ಮ ಪ್ರೋಗ್ರಾಮಿನದೇ, ಅದೂ ಒಂದೇ ಸಾಲಿನದು. ಅದು ಎಲ್ಲಿತ್ತೆಂಬುದನ್ನು ತಿಳಿಯಲು ಬೈನರಿಯು (ಚಿತ್ರದಂಥ, ಪಠ್ಯವಲ್ಲದ ದತ್ತಾಂಶವು) ಎಕ್ಸ್‌ಎಮ್‌ಎಲ್ ಒಳಗೆ ಹೋಗುವ ಬಗೆಯನ್ನು ಮೊದಲು ನೋಡಬೇಕಾಗುತ್ತದೆ.

ಎಕ್ಸ್‌ಎಮ್‌ಎಲ್ ಎಂಬುದು ಪಠ್ಯ. ಎಕ್ಸ್‌ಎಮ್‌ಎಲ್ 1.0ರ ಪ್ರಕಾರ, 32ಕ್ಕಿಂತ ಕೆಳಗಿನ ಸಂಕೇತಗಳಲ್ಲಿ ಟ್ಯಾಬ್ ಮತ್ತು ಎರಡು ಬಗೆಯ ಸಾಲುಮುರಿತಗಳನ್ನು ಬಿಟ್ಟರೆ ಉಳಿದವಕ್ಕೆ ಅದರೊಳಗೆ ಪ್ರವೇಶವಿಲ್ಲ. ಸೊನ್ನೆ ಬೈಟಿಗಂತೂ 1.1ರಲ್ಲೂ ಇಲ್ಲ. ಸಿಡೇಟಾ ವಿಭಾಗದಲ್ಲಿ (ಒಳಗಿರುವುದನ್ನು ಗುರುತುಗಳೆಂದು ಓದದೆ ಬರಿಯ ಪಠ್ಯವೆಂದೇ ತೆಗೆದುಕೊಳ್ಳುವ ಭಾಗದಲ್ಲಿ) ಹಾಕಿದರೆ ಏನು ಬೇಕಾದರೂ ಹೋದೀತೆಂದು ಹಲವರು ನಂಬಿರುತ್ತಾರೆ. ಸಿಡೇಟಾ ‘<’ ಮತ್ತು ‘&’ ಚಿಹ್ನೆಗಳಿಗೆ ವಿನಾಯಿತಿ ಕೊಡುತ್ತದೆಯೇ ಹೊರತು ನಿಷಿದ್ಧ ಸಂಕೇತಗಳಿಗಲ್ಲ. ಆದ್ದರಿಂದ ಬೈಟುಗಳನ್ನು ಅಕ್ಷರಗಳಾಗಿ ಬದಲಿಸಲೇಬೇಕು. ಹೆಕ್ಸ್ (ಹದಿನಾರರ ಮಾನದ) ರೂಪದಲ್ಲಿ ಒಂದು ಬೈಟಿಗೆ ಎರಡು ಅಕ್ಷರ ಬೇಕಾಗಿ ಗಾತ್ರ ಇಮ್ಮಡಿಯಾಗುತ್ತದೆ. 64 ಅಕ್ಷರಗಳ ಪಟ್ಟಿಯನ್ನು ಬಳಸುವ ಬೇಸ್64ರಲ್ಲಿ ಮೂರು ಬೈಟಿಗೆ ನಾಲ್ಕು ಅಕ್ಷರವಾದ್ದರಿಂದ ಹೆಚ್ಚಳ ಮೂರನೆಯ ಒಂದು ಭಾಗ ಮಾತ್ರ. ಹದಿನಾರು ಬೈಟಿನ, ಕಡತದ ಬೆರಳಚ್ಚಿನಂತಿರುವ ಹ್ಯಾಶ್‌ನಂಥದ್ದನ್ನು ಕಣ್ಣಿನಿಂದ ಓದಿ ಹೋಲಿಸಬೇಕಾದಾಗ ಹೆಕ್ಸ್ ಅನುಕೂಲ, ಉಳಿದಂತೆ ಬೇಸ್64.

ಆ ಮೂರು-ನಾಲ್ಕರ ಲೆಕ್ಕವನ್ನು ಒಂದು ಅಕ್ಷರದ ಮೇಲೆಯೇ ನೋಡಬಹುದು. ಕನ್ನಡದ ‘ಕ’ ಯುಟಿಎಫ್-8 ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ಸರಿಯಾಗಿ ಮೂರು ಬೈಟುಗಳಾಗುತ್ತದೆ: ದಶಮಾನದಲ್ಲಿ 224, 178, 149. ಈ 24 ಬಿಟ್‌ಗಳನ್ನು ಆರಾರರಂತೆ ಕತ್ತರಿಸಿದರೆ 56, 11, 10, 21 ಎಂಬ ನಾಲ್ಕು ಸಂಖ್ಯೆಗಳು ಬರುತ್ತವೆ; ಬೇಸ್64ರ ಪಟ್ಟಿಯಲ್ಲಿ ಅವು 4 ಎಂಬ ಅಂಕಿ ಮತ್ತು ದೊಡ್ಡಕ್ಷರದ ಎಲ್, ಕೆ, ವಿ. ಏನೂ ಮಿಗಲಿಲ್ಲ. ಒಂದೇ ಬೈಟ್ ಮಿಕ್ಕಿದ್ದರೆ ಎರಡು ಅಕ್ಷರಗಳ ಬಳಿಕ ‘==’ ಎಂದೂ, ಎರಡು ಮಿಕ್ಕಿದ್ದರೆ ಮೂರು ಅಕ್ಷರಗಳ ಬಳಿಕ ‘=’ ಎಂದೂ ಭರ್ತಿ ಚಿಹ್ನೆ ಸೇರುತ್ತಿತ್ತು. ಈ ಚಿಹ್ನೆಯ ಅರ್ಥ ‘ದತ್ತಾಂಶ ಇಲ್ಲಿಗೆ ಮುಗಿಯಿತು’ ಎಂದು.

ನಾವು ಎಡವಿದ್ದು ಇಲ್ಲಿಯೇ. ಕಡತವನ್ನು 4096 ಬೈಟುಗಳ ತುಂಡುಗಳಾಗಿ ಓದಿ, ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಬೇಸ್64ಕ್ಕೆ ಬದಲಿಸಿ, ಒಂದರ ಹಿಂದೊಂದು ಬರೆಯುತ್ತಿದ್ದೆವು. 4096ನ್ನು ಮೂರರಿಂದ ಭಾಗಿಸಿದರೆ ಒಂದು ಶೇಷ ಉಳಿಯುತ್ತದೆ, ಹಾಗಾಗಿ ಪ್ರತಿ ತುಂಡಿನ ಬಾಲದಲ್ಲೂ ‘==’ ಬಂದು ಕೂತಿತ್ತು. ನಡುವೆ ಹೀಗೆ ಸಿಕ್ಕಿದರೆ ಕೆಲವು ಡಿಕೋಡರುಗಳು ದೋಷವೆಂದು ನಿಲ್ಲುತ್ತವೆ. ಇನ್ನು ಕೆಲವು ಸದ್ದಿಲ್ಲದೆ ಅಲ್ಲಿಗೇ ಮುಗಿಸುತ್ತವೆ, ನಮಗೆ ಸಿಕ್ಕಿದ್ದು ಈ ಎರಡನೆಯ ಜಾತಿಯದು. ಲಾಂಛನದ ಚಿತ್ರ 4096 ಬೈಟಿಗಿಂತ ಚಿಕ್ಕದಾಗಿದ್ದುದರಿಂದ ಪರೀಕ್ಷೆಯಲ್ಲಿ ಏನೂ ಗೊತ್ತಾಗಲಿಲ್ಲ.

ತುಂಡುಗಳ ಗೊಡವೆಯೇ ಬೇಡ, ಇಡೀ ಚಿತ್ರವನ್ನು ಒಮ್ಮೆಲೇ ಸ್ಟ್ರಿಂಗ್ (ಒಂದೇ ಅಕ್ಷರಸಾಲು) ಮಾಡಿ ಬರೆದರಾಯಿತು ಎನ್ನುವವರು ಮೆಮೊರಿಯ ಲೆಕ್ಕ ಹಾಕಬೇಕು. 30 ಎಂಬಿಯ ಒಂದು ಟಿಫ್ ಚಿತ್ರ ಬೇಸ್64ರಲ್ಲಿ 40 ಎಂಬಿಯಾಗುತ್ತದೆ. ಮೈಕ್ರೋಸಾಫ್ಟಿನ ಪ್ರೋಗ್ರಾಮಿಂಗ್ ವೇದಿಕೆಯಾದ ಡಾಟ್‌ನೆಟ್‌ನಲ್ಲಿ ಸ್ಟ್ರಿಂಗಿನ ಪ್ರತಿ ಅಕ್ಷರಕ್ಕೆ ಎರಡು ಬೈಟ್ ಬೇಕಾದ್ದರಿಂದ ಅದು 80 ಎಂಬಿ, ಮೂಲವೂ ಸೇರಿದರೆ 110. ಇಂಥ ನಾಲ್ಕು ಕೋರಿಕೆಗಳು ಒಟ್ಟಿಗೆ ಬಂದರೆ ಸಣ್ಣ ಸರ್ವರ್ ಏದುಸಿರು ಬಿಡುತ್ತದೆ.

ಸರಿಯಾದ ಕ್ರಮವೆಂದರೆ ಬಫರಿನ (ಒಂದು ಸಲಕ್ಕೆ ಓದಿದ ತುಂಡನ್ನು ಹಿಡಿದಿಡುವ ಜಾಗದ) ಗಾತ್ರವನ್ನು ಮೂರರ ಗುಣಕವಾಗಿ ಇರಿಸುವುದು. 3072 ಬೈಟಿಗೆ 4096 ಅಕ್ಷರ, 49,152 ಬೈಟಿಗೆ 65,536 ಅಕ್ಷರ ಬರುವುದರಿಂದ ಎರಡೂ ಒಳ್ಳೆಯ ಆಯ್ಕೆಗಳು. ಆದರೆ ಇಷ್ಟರಿಂದಲೇ ನಿಶ್ಚಿಂತರಾಗಬಾರದು: ನೆಟ್‌ವರ್ಕ್ ಸ್ಟ್ರೀಮಿನಿಂದ 3072 ಬೈಟ್ ಕೇಳಿದರೆ 1460 ಮಾತ್ರ ಕೈಗೆ ಬರುವುದುಂಟು, ಆಗ ಶೇಷದ ಕಾಟ ಮತ್ತೆ ಶುರುವಾಗುತ್ತದೆ. ಬಫರ್ ಪೂರ್ತಿ ತುಂಬುವವರೆಗೆ ಅಥವಾ ಕಡತ ಮುಗಿಯುವವರೆಗೆ ಓದುತ್ತಲೇ ಇದ್ದು, ಆನಂತರವೇ ಎನ್‌ಕೋಡ್ ಮಾಡಬೇಕು.

ಶೇಷವನ್ನು ತಾನೇ ನೆನಪಿಟ್ಟುಕೊಳ್ಳುವ ಸೌಲಭ್ಯ ಲೈಬ್ರರಿಯಲ್ಲಿದ್ದರೆ ಅದನ್ನೇ ಬಳಸುವುದು ಲೇಸು. ಡಾಟ್‌ನೆಟ್‌ನ ಎಕ್ಸ್‌ಎಮ್‌ಎಲ್‌ರೈಟರಿನ ರೈಟ್‌ಬೇಸ್64 ಮೆಥಡನ್ನು ಸಾಲಾಗಿ ಕರೆದರೆ ಮಿಕ್ಕ ಬೈಟುಗಳನ್ನು ಅದು ಮುಂದಿನ ಕರೆಗೆ ಕೂಡಿಸಿಕೊಳ್ಳುತ್ತದೆ. ನಡುವೆ ಬೇರೆ ಏನನ್ನಾದರೂ ಬರೆದರೆ ಮಾತ್ರ ಭರ್ತಿ ಚಿಹ್ನೆಯೊಡನೆ ಮುಗಿಸಿಬಿಡುತ್ತದೆ. ಜಾವಾ 8ರಿಂದ ಇರುವ ಬೇಸ್64 ಎನ್‌ಕೋಡರಿನ ವ್ರ್ಯಾಪ್ ಮೆಥಡ್ ಇದೇ ಬಗೆಯ ಔಟ್‌ಪುಟ್ ಸ್ಟ್ರೀಮನ್ನು ಕೊಡುತ್ತದೆ. ಕೊನೆಯ ಶೇಷ ಹೊರಬರಲು ಅದನ್ನು ಕ್ಲೋಸ್ ಮಾಡಲೇಬೇಕು, ಕ್ಲೋಸ್ ಮಾಡಿದರೆ ಕೆಳಗಿನ ಮೂಲ ಸ್ಟ್ರೀಮೂ ಮುಚ್ಚಿಹೋಗುತ್ತದೆ. ಆದ್ದರಿಂದ ಕ್ಲೋಸ್ ಕರೆಯನ್ನು ಕೇವಲ ಫ್ಲಶ್ (ಉಳಿದದ್ದನ್ನು ಹೊರಗೆ ತಳ್ಳುವ ಕರೆ) ಆಗಿ ಬದಲಿಸುವ ಒಂದು ಸಣ್ಣ ಕ್ಲಾಸನ್ನು ನಡುವೆ ಇಡಬೇಕಾಗುತ್ತದೆ. ಪೈಥಾನಿನಲ್ಲಿ ತುಂಡುತುಂಡಾಗಿ ಬರೆಯುವವರು ಮೂರರ ಲೆಕ್ಕವನ್ನು ತಾವೇ ಇಟ್ಟುಕೊಳ್ಳುವುದು ಸರಳ.

ಗಾತ್ರದ ವಿಷಯದಲ್ಲಿ ಎರಡು ಮಾತು. ಕಡತವನ್ನು ಯುಟಿಎಫ್-16ರಲ್ಲಿ ಬರೆದರೆ ಬೇಸ್64ರ ಪ್ರತಿ ಅಕ್ಷರ ಎರಡು ಬೈಟ್ ನುಂಗುತ್ತದೆ, ಹಾಗಾಗಿ ಯುಟಿಎಫ್-8 ಇರಲಿ. ಕುಗ್ಗಿಸುವುದಿದ್ದರೆ ಬೇಸ್64 ಮಾಡುವ ಮೊದಲೇ ಕುಗ್ಗಿಸಬೇಕು, ಏಕೆಂದರೆ ಆರು ಬಿಟ್‌ಗಳ ಕತ್ತರಿಯು ಮೂಲದಲ್ಲಿದ್ದ ಪುನರಾವೃತ್ತಿಗಳನ್ನು ಮರೆಮಾಡುತ್ತದೆ; ಆದರೆ ಈಗಾಗಲೇ ಕುಗ್ಗಿರುವ ಜೆಪೆಗ್ ಚಿತ್ರಗಳಿಗೆ ಈ ಶ್ರಮ ವ್ಯರ್ಥ.

ಓದುವ ಕಡೆಯಲ್ಲಿ ಲೆಕ್ಕ ನಾಲ್ಕರದು. ಸ್ಯಾಕ್ಸ್ ಮಾದರಿಯ ಪಾರ್ಸರುಗಳು (ಕಡತವನ್ನು ಓದುತ್ತಾ ಸಾಗಿದಂತೆಯೇ ಭಾಗಭಾಗವಾಗಿ ಒಪ್ಪಿಸುವ ಪ್ರೋಗ್ರಾಮುಗಳು) ಒಂದೇ ಎಲಿಮೆಂಟಿನ ಪಠ್ಯವನ್ನು ಮನಬಂದಲ್ಲಿ ತುಂಡರಿಸಿ ಕೊಡುತ್ತವೆ. ಸಾಲುಮುರಿತ ಮತ್ತು ಖಾಲಿಜಾಗಗಳನ್ನು ತೆಗೆದು, ನಾಲ್ಕರ ಗುಂಪಿಗೆ ಸಾಲದ ಅಕ್ಷರಗಳನ್ನು ಮುಂದಿನ ತುಂಡಿಗೆ ಉಳಿಸಿಕೊಳ್ಳಬೇಕು. ಲಿಬ್‌ಎಕ್ಸ್‌ಎಮ್‌ಎಲ್2 ಎಂಬ ಲೈಬ್ರರಿಯನ್ನು ಬಳಸುವವರಿಗೆ ಇನ್ನೊಂದು ಗೋಡೆ ಎದುರಾಗುತ್ತದೆ: ವಿಶೇಷ ಅನುಮತಿ ಕೊಡದಿದ್ದರೆ ಒಂದು ಪಠ್ಯ ನೋಡ್ 1 ಕೋಟಿ ಬೈಟ್ ಮೀರುವಂತಿಲ್ಲ, ಅಂದರೆ ಮೂಲ ಚಿತ್ರ ಸುಮಾರು 75 ಲಕ್ಷ ಬೈಟಿನೊಳಗಿರಬೇಕು.

ಅದಕ್ಕಿಂತ ದೊಡ್ಡ ಚಿತ್ರಗಳನ್ನು ಎಕ್ಸ್‌ಎಮ್‌ಎಲ್ ಒಳಗೆ ತುರುಕದಿರುವುದೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಸೋಪ್ ಸೇವೆಗಳಿಗೆ (ಎಕ್ಸ್‌ಎಮ್‌ಎಲ್ ಸಂದೇಶಗಳ ಮೂಲಕ ಮಾತಾಡುವ ವೆಬ್ ಸೇವೆಗಳಿಗೆ) 2005ರಲ್ಲಿ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ಶಿಫಾರಸು ಮಾಡಿದ ಎಕ್ಸ್‌ಒಪಿ ಮತ್ತು ಎಮ್‌ಟಿಒಎಮ್ ಇವೆ. ಅವು ಬೈಟುಗಳನ್ನು ಇದ್ದಂತೆಯೇ ಪ್ರತ್ಯೇಕ ಭಾಗವಾಗಿ ಕಳುಹಿಸಿ, ಎಕ್ಸ್‌ಎಮ್‌ಎಲ್ ಒಳಗೆ ಅದರ ಗುರುತನ್ನು ಮಾತ್ರ ಇಡುತ್ತವೆ. ವರ್ಡ್‌ನ ಡಾಕ್‌ಎಕ್ಸ್ ಕಡತವೂ ಒಂದು ಜಿಪ್ ಕಟ್ಟು. ಅದರಲ್ಲಿ ಚಿತ್ರಗಳು ಬೇರೆ ಫೋಲ್ಡರಿನಲ್ಲಿರುತ್ತವೆ. ಇದನ್ನು ತೋರಿಸಿಯೂ ನಮ್ಮ ಕೆಲಸದಲ್ಲಿ ಷರತ್ತು ಬದಲಾಗಲಿಲ್ಲ, ಬಫರ್ ಬದಲಿಸಿ ಲೆಡ್ಜರುಗಳನ್ನು ಮೊದಲಿನಿಂದ ಕಳುಹಿಸಿದೆವು.

ಆ ಮೇಲೆ ಪರೀಕ್ಷೆಯ ಕ್ರಮವನ್ನೂ ಬದಲಿಸಿದೆವು. 0, 1, 2, 3071, 3072, 3073 ಬೈಟುಗಳ ಕಡತಗಳನ್ನೂ ಹಲವು ಎಂಬಿಯ ಒಂದನ್ನೂ ಕಳುಹಿಸಿ, ಅತ್ತ ತಲುಪಿದ ಪ್ರತಿಯ ಎಸ್‌ಎಚ್‌ಎ-256 ಹ್ಯಾಶ್ ಮೊತ್ತವು ಇತ್ತಣದರೊಡನೆ ತಾಳೆಯಾದ ಮೇಲೆಯೇ ನಿಜವಾದ ಪುಟಗಳಿಗೆ ಕೈಹಾಕುತ್ತೇವೆ.